ಮಾತ್ರೆಯ ಜತೆಗೆ ಮಾತು: ಎಚ್‌ಐವಿಯೊಂದಿಗೆ ಮುಪ್ಪಾಗುವವರ ಮನಸ್ಸಿನ ಆರೈಕೆ



1986ರಲ್ಲಿ ಚೆನ್ನೈಯ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಈ ದೇಶದಲ್ಲಿ ಎಚ್‌ಐವಿ ಸೋಂಕನ್ನು ಮೊದಲ ಬಾರಿಗೆ ಪತ್ತೆಹಚ್ಚಿದರು. ಆಗಲೂ, ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲೂ, ಸೋಂಕು ತಗಲಿದವರಿಗೆ ಮುಪ್ಪು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಮೂರು ಔಷಧಗಳ ಚಿಕಿತ್ಸೆ 1996ರ ಹೊತ್ತಿಗೆ ಪಶ್ಚಿಮದ ದೇಶಗಳಲ್ಲಿ ಬಳಕೆಗೆ ಬಂತು. ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರಿದ ಅದರ ವೆಚ್ಚ ನಮ್ಮವರ ಕೈಗೆ ಎಟುಕುವಂತಿರಲಿಲ್ಲ. 2001ರಲ್ಲಿ ಸಿಪ್ಲಾ ಕಂಪನಿ ಅದೇ ಔಷಧಗಳನ್ನು ಸೇವಾಸಂಸ್ಥೆಯೊಂದಕ್ಕೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆಯನ್ನು, ಅಂದರೆ ವೈರಸ್ಸನ್ನು ಅಡಗಿಸಿಡುವ ಔಷಧಗಳನ್ನು ಕೊಡುವುದನ್ನು, ಆರಂಭಿಸಿತು. ಆಗ ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಚಿಕಿತ್ಸೆಗೆ ಸೇರಿ ಉಳಿದುಕೊಂಡವರು ಈಗ ಅರವತ್ತರ ಹತ್ತಿರ ಬಂದಿದ್ದಾರೆ. ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅಂಥವರ ಸಂಖ್ಯೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇವರು ಬದುಕಿ ಉಳಿದಿರುವುದು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ದೊಡ್ಡ ಗೆಲುವು, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ಮನಸ್ಸಿನ ಆರೈಕೆ ಈ ಗೆಲುವಿನ ಹೊರಗೇ ಉಳಿದಿದೆ. ಆ ಆರೈಕೆ ಬೇರೆ ಊರಿನ, ಬೇರೆ ಆಸ್ಪತ್ರೆಯ, ಬೇರೆ ವಿಭಾಗದ ಕೆಲಸವಾಗಿರುವವರೆಗೆ ಅದು ಇವರನ್ನು ಮುಟ್ಟುವುದಿಲ್ಲ; ಅವರು ತಪ್ಪದೆ ಬರುವ ಒಂದೇ ಜಾಗವಾದ ಎಆರ್‌ಟಿ ಕೇಂದ್ರದಲ್ಲೇ, ಅಲ್ಲಿ ಈಗಾಗಲೇ ಇರುವ ಆಪ್ತಸಮಾಲೋಚಕರ ಕೈಯಲ್ಲೇ ಅದು ಆಗಬೇಕು. ಈ ಬರಹದಲ್ಲಿ ನಾನು ವಾದಿಸಲು ಹೊರಟಿರುವುದು ಇಷ್ಟನ್ನೇ.

ಮೊದಲು ಲೆಕ್ಕದ ಮಾತು. ಎಚ್‌ಐವಿ ಬಗ್ಗೆ ನಮ್ಮಲ್ಲಿ ಪ್ರತಿ ಬಾರಿ ಉಲ್ಲೇಖವಾಗುವ ಮುಖ್ಯ ಅಂಕಿ 15ರಿಂದ 49 ವರ್ಷದವರೆಗಿನವರಲ್ಲಿ ಸೋಂಕಿನ ಪ್ರಮಾಣ. ಸೋಂಕು ಹರಡುವುದನ್ನು ತಡೆಯುವ ದೃಷ್ಟಿಯಿಂದ ಆ ವಯೋಮಾನವನ್ನು ಆರಿಸಿಕೊಂಡದ್ದು ಸರಿಯೇ. ಆದರೆ ಐವತ್ತು ತುಂಬಿದ ದಿನ ಆ ವ್ಯಕ್ತಿ ಎಲ್ಲರ ಬಾಯಲ್ಲಿರುವ ಅಂಕಿಯಿಂದ ಜಾರಿಹೋಗುತ್ತಾನೆ. ಎಚ್‌ಐವಿ ವೈದ್ಯಶಾಸ್ತ್ರ ಮಾತ್ರ ಐವತ್ತನ್ನೇ ಹಿರಿತನದ ಹೊಸ್ತಿಲು ಎಂದು ಹಿಡಿಯುತ್ತದೆ. ವೈರಸ್ಸು ಔಷಧದಿಂದ ಅಡಗಿದ್ದರೂ ದೇಹದಲ್ಲಿ ಸಣ್ಣ ಉರಿಯೂತ ಮುಂದುವರಿಯುತ್ತದೆ. ಹೃದಯದ ಕಾಯಿಲೆ, ಮೂಳೆ ಸವೆತ, ಮೂತ್ರಪಿಂಡದ ತೊಂದರೆ ಕೆಲವರಲ್ಲಿ ಬೇಗನೆ ತಲೆಯೆತ್ತುತ್ತವೆ. ಇತ್ತ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಅರವತ್ತಕ್ಕೆ ಶುರುವಾಗುತ್ತದೆ, ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಅರವತ್ತೈದಕ್ಕೆ. ದೇಹ ಐವತ್ತಕ್ಕೇ ದಣಿಯತೊಡಗಿದವರು ಹತ್ತು ಹದಿನೈದು ವರ್ಷ ಹಿರಿಯರ ಇಂಥ ಯೋಜನೆಗಳ ನೆರಳಿಗೆ ಸೇರದೆ ಕಳೆಯಬೇಕಾಗುತ್ತದೆ. ಮನಸ್ಸು ಕುಗ್ಗುವುದಕ್ಕೆ ಇದೂ ಒಂದು ಕಾರಣವೆಂದು ಬಿಡಿಸಿ ಹೇಳಬೇಕಿಲ್ಲ.

ಕುಗ್ಗಿದೆ ಎನ್ನುವುದಕ್ಕೆ ಆಧಾರವೇನು? ಸೀಸ್ಲಾ ಮತ್ತು ರಾಬರ್ಟ್ಸ್ ಎಂಬ ಸಂಶೋಧಕರು 2001ರಲ್ಲಿ ಹತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಚ್‌ಐವಿ ಇರುವವರಲ್ಲಿ ತೀವ್ರ ಖಿನ್ನತೆಯ ಪ್ರಮಾಣ ಸೋಂಕಿಲ್ಲದವರಿಗಿಂತ ಸುಮಾರು ಎರಡು ಪಟ್ಟು ಕಂಡಿತು. ಇನ್ನು ಮುಪ್ಪಿನ ಕಡೆಯಿಂದ ನೋಡೋಣ. 2017-18ರಲ್ಲಿ ಮುಪ್ಪಿನ ಕುರಿತು ದೇಶವ್ಯಾಪಿಯಾಗಿ ನಡೆದ ಲಾಸಿ ಎಂಬ ಸಮೀಕ್ಷೆಯ ಪ್ರಕಾರ, ಅರವತ್ತು ದಾಟಿದವರಲ್ಲಿ ಶೇಕಡಾ 8.3ರಷ್ಟು ಜನರಿಗೆ ಖಿನ್ನತೆಯ ಲಕ್ಷಣಗಳಿದ್ದವು. ಆದರೆ ತಮಗೆ ಖಿನ್ನತೆಯಿದೆ ಎಂದು ವೈದ್ಯರು ಹೇಳಿದ್ದಾರೆ ಎಂದವರು ಶೇಕಡಾ ಒಂದಕ್ಕಿಂತ ಕಡಿಮೆ. ಅಂದರೆ ಹತ್ತರಲ್ಲಿ ಒಂಬತ್ತು ಮಂದಿಯ ಸಂಕಟಕ್ಕೆ ಹೆಸರೇ ಸಿಕ್ಕಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಸಾಮಾನ್ಯ ಮಾನಸಿಕ ತೊಂದರೆಗಳಿರುವವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗಿದ್ದಾರೆ ಎಂದು ತೋರಿಸಿತು. ಎಚ್‌ಐವಿ ಮತ್ತು ಮುಪ್ಪು ಒಬ್ಬರಲ್ಲೇ ಸೇರಿದಾಗ ಎರಡು ಹೊರೆಗಳು ಒಂದರ ಮೇಲೊಂದು ಕೂರುತ್ತವೆ. ಖಿನ್ನತೆಗೆ ಒಳಗಾದವರು ಮಾತ್ರೆ ತಪ್ಪಿಸುವುದು ಹೆಚ್ಚು ಎಂಬುದು ಹತ್ತಾರು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಹಾಗಾಗಿ ವೈರಸ್ಸನ್ನಷ್ಟೇ ನೋಡುತ್ತೇವೆ ಎನ್ನುವವರೂ ಮನಸ್ಸನ್ನು ನೋಡದೆ ಇರಲಾಗದು.

ಆದರೆ ಅಂಕಿಗಳು ಈ ಸಂಕಟದ ಸ್ವರೂಪವನ್ನು ಹೇಳುವುದಿಲ್ಲ. ನಮ್ಮಲ್ಲಿ ಎಚ್‌ಐವಿಯೊಂದಿಗೆ ಬದುಕಿದವರು ಇಷ್ಟು ವರ್ಷ ತಮ್ಮನ್ನು ಕಾಪಾಡಿಕೊಂಡದ್ದು ಎರಡು ಬಲಗಳಿಂದ: ಒಂದು ಔಷಧ, ಇನ್ನೊಂದು ಗುಟ್ಟು. ಬೇರೆ ಜಿಲ್ಲೆಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಸಂತೆಗೆ ಹೋಗುವ ನೆಪದಲ್ಲಿ ಮಾತ್ರೆ ತಂದು, ಡಬ್ಬಿಯ ಚೀಟಿ ಕಿತ್ತು, ಅಕ್ಕಿ ಡಬ್ಬದ ಹಿಂದೆ ಇಟ್ಟು ನುಂಗುವುದು ಗಟ್ಟಿ ಕೈಕಾಲು ಇರುವವರಿಗೆ ಸಾಧ್ಯ. ಮುಪ್ಪು ಕಸಿದುಕೊಳ್ಳುವುದು ಈ ಸ್ವಾವಲಂಬನೆಯನ್ನೇ. ಕಣ್ಣು ಮಂಜಾದಾಗ ಮಾತ್ರೆ ಯಾವುದೆಂದು ಮೊಮ್ಮಗಳನ್ನು ಕೇಳಬೇಕು. ಮೊಣಕಾಲು ಹಿಡಿದಾಗ ಬಸ್ಸು ಹತ್ತಿಸಲು ಮಗ ಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋದರೆ ರಕ್ತಪರೀಕ್ಷೆಯ ವರದಿ ಯಾರ ಕೈ ಸೇರುತ್ತದೋ ಎಂಬ ಅಂಜಿಕೆ. ಮೈ ತೊಳೆಸುವ ಸ್ಥಿತಿ ಬಂದರೆ ಸೊಸೆಗೆ ಹೇಳಬೇಕೋ ಬೇಡವೋ ಎಂಬ ತೊಳಲಾಟ. ಮೊಮ್ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಭಯದಲ್ಲಿ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ. ಇಪ್ಪತ್ತು ವರ್ಷ ಹಿಂದೆ ಸ್ಟಾವುಡಿನ್ ಔಷಧ ನುಂಗಿದವರಲ್ಲಿ ಕೆಲವರ ಕೆನ್ನೆ ಕರಗಿ, ತೋಳು ಬಡಕಲಾಗಿ ಉಳಿದಿವೆ. ಆ ಔಷಧವನ್ನು ನಮ್ಮ ಕಾರ್ಯಕ್ರಮ ಕೈಬಿಟ್ಟು ವರ್ಷಗಳಾದರೂ ಅದು ಬಿಟ್ಟುಹೋದ ಗುರುತು ಮುಖದಲ್ಲಿದೆ, ಪಾದದ ಉರಿಯಲ್ಲಿದೆ. ಗುಟ್ಟು ಕಾಯುವ ಶಕ್ತಿ ಕುಂದಿದಷ್ಟೂ ಗುಟ್ಟಿನ ಭಾರ ಹೆಚ್ಚುತ್ತದೆ. ಸಾಮಾನ್ಯ ಮುಪ್ಪಿನ ಖಿನ್ನತೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನನ್ನ ತೀರ್ಮಾನ.

ಇದರ ಜತೆಗೆ ಹಳೆಯ ಸಾವುಗಳಿವೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳು ಸೋಂಕು ಹರಡಿದ ಆ ವರ್ಷಗಳಲ್ಲಿ ಕಂಡದ್ದು ಸಣ್ಣ ಸಂಗತಿಯಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 3ರ ಆಸುಪಾಸು ಸೋಂಕು ಕಂಡಿತ್ತು. ಗಂಡನಿಂದ ಸೋಂಕು ಪಡೆದು, ಗಂಡನನ್ನು ಮಣ್ಣು ಮಾಡಿ, ಅವನ ಸಾವಿನ ಆರೋಪವನ್ನೂ ಹೊತ್ತು, ಆಸ್ತಿಯ ಪಾಲಿಲ್ಲದೆ ತವರಿಗೆ ಮರಳಿದ ಹೆಂಗಸರಿದ್ದಾರೆ. ದೇವದಾಸಿ ಪದ್ಧತಿಯಿಂದ ಬಂದವರು, ಲೈಂಗಿಕ ವೃತ್ತಿಯಲ್ಲಿದ್ದವರು, ತೃತೀಯ ಲಿಂಗಿಗಳು ತಮ್ಮ ಜತೆಯವರನ್ನು ಸಾಲುಸಾಲಾಗಿ ಕಳೆದುಕೊಂಡಿದ್ದಾರೆ. ಉಚಿತ ಚಿಕಿತ್ಸೆ ಬರುವ ಮುನ್ನ ಹೊಲ ಮಾರಿ ಔಷಧ ಕೊಂಡ ಕುಟುಂಬಗಳಿವೆ. ಹೇಗಿದ್ದರೂ ಹೆಚ್ಚು ದಿನ ಇಲ್ಲವೆಂದು ನಂಬಿ ಉಳಿತಾಯ ಮಾಡದವರಿದ್ದಾರೆ. ಇಂಥವರಿಗೆ ಉಳಿದುಕೊಂಡದ್ದೇ ಒಂದು ಬಗೆಯ ತಪ್ಪಿತಸ್ಥ ಭಾವನೆಯನ್ನು ತರುತ್ತದೆ. ನ್ಯೂಯಾರ್ಕಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಐವತ್ತು ದಾಟಿದ ಸುಮಾರು ಸಾವಿರ ಸೋಂಕಿತರನ್ನು ಮಾತನಾಡಿಸಿತು. ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಒಬ್ಬಂಟಿಯಾಗಿ ವಾಸಿಸುತ್ತಿದ್ದರು. ನಮ್ಮಲ್ಲಿ ಈ ಅಳತೆಗೋಲು ಕೆಲಸಕ್ಕೆ ಬಾರದು. ಇಲ್ಲಿ ತುಂಬಿದ ಮನೆಯೊಳಗೇ ಬೇರೆ ತಟ್ಟೆ, ಬೇರೆ ಹಾಸಿಗೆ ಕೊಟ್ಟು ಒಬ್ಬರನ್ನು ಒಂಟಿ ಮಾಡಬಹುದು. ಮನೆಯವರಿಗೆ ವಿಷಯವೇ ತಿಳಿಯದಿದ್ದರೆ ಒಂಟಿತನ ಇನ್ನೂ ಆಳ.

ದೇಹ ಮತ್ತು ಮನಸ್ಸಿನ ನಡುವೆ ಗೆರೆ ಎಳೆಯುವುದು ಇಲ್ಲಿ ಎಷ್ಟು ಕಷ್ಟ ಎಂಬುದನ್ನೂ ಹೇಳಬೇಕು. ಎಚ್‌ಐವಿ ಮೆದುಳನ್ನೂ ತಲುಪುತ್ತದೆ. ಚಿಕಿತ್ಸೆಯಲ್ಲಿರುವವರಲ್ಲೂ ಕೆಲವರಿಗೆ ನೆನಪು, ಗಮನ, ಚುರುಕುತನ ಸ್ವಲ್ಪ ಕುಂದುತ್ತವೆ. ಖಿನ್ನತೆಯೂ ಮರೆವಿನ ವೇಷದಲ್ಲೇ ಬರುತ್ತದೆ, ಥೈರಾಯ್ಡ್ ತೊಂದರೆಯೂ ಬಿ12 ಜೀವಸತ್ವದ ಕೊರತೆಯೂ ಹಾಗೆಯೇ. ‘ವಯಸ್ಸಾಯಿತು, ಅರಳುಮರಳು’ ಎಂದು ಬಿಟ್ಟುಬಿಟ್ಟರೆ ಗುಣವಾಗುವ ಕಾಯಿಲೆಯೂ ಗುಣವಾಗದು. ಅನೇಕ ವರ್ಷ ರಾತ್ರಿ ನುಂಗುತ್ತಿದ್ದ ಎಫಾವಿರೆಂಜ್ ಎಂಬ ಎಚ್‌ಐವಿ ಔಷಧ ಕೆಲವರಿಗೆ ತಲೆಸುತ್ತು, ದುಃಸ್ವಪ್ನ, ಮಂಕು ತರುತ್ತಿತ್ತು. ಈಗ ಅದರ ಬದಲಿಗೆ ಬಂದಿರುವ ಡೊಲುಟೆಗ್ರವಿರ್ ಹೆಚ್ಚು ಸುರಕ್ಷಿತ. ಆದರೂ ಕೆಲವರ ನಿದ್ದೆ ಕೆಡಿಸುತ್ತದೆ, ಅಂಥವರು ಬೆಳಿಗ್ಗೆ ನುಂಗಿದರೆ ಅನುಕೂಲವಾಗಬಹುದು. ಗುಟ್ಟು ಇಲ್ಲಿ ನೇರವಾಗಿ ಅಪಾಯ ತರುತ್ತದೆ. ನರದ ನೋವಿಗೋ ಫಿಟ್ಸಿಗೋ ಬೇರೆ ವೈದ್ಯರು ಕಾರ್ಬಮಜೆಪಿನ್ ಬರೆದರೆ ಡೊಲುಟೆಗ್ರವಿರ್‌ನ ಬಲ ತಗ್ಗುತ್ತದೆ. ಮೂಳೆಗೆಂದು ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಅದರೊಟ್ಟಿಗೇ ನುಂಗಿದರೂ ಔಷಧ ಸರಿಯಾಗಿ ಮೈಗೆ ಸೇರುವುದಿಲ್ಲ. ರೋಗಿ ಹೇಳಿಕೊಳ್ಳಲು ಹೆದರುತ್ತಾರೆ, ಆ ವೈದ್ಯರಿಗೆ ತಿಳಿದಿರುವುದಿಲ್ಲ. ಎರಡು ಕಡೆಯ ಚೀಟಿಗಳನ್ನೂ ಒಟ್ಟಿಗೆ ನೋಡಬಲ್ಲ ಜಾಗ ಎಆರ್‌ಟಿ ಕೇಂದ್ರ ಒಂದೇ.

ಆ ಕೇಂದ್ರದಲ್ಲಿ ಈಗ ನಡೆಯುತ್ತಿರುವುದೇನು? ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಅಡಗಿ, ಮಾತ್ರೆ ತಪ್ಪದೆ ತೆಗೆದುಕೊಳ್ಳುವವರನ್ನು ಸ್ಥಿರ ರೋಗಿ ಎಂದು ಗುರುತಿಸಿ ಒಂದೇ ಸಲಕ್ಕೆ ಎರಡು ಮೂರು ತಿಂಗಳ ಮಾತ್ರೆ ಕೊಡುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಈ ಕ್ರಮ ಇನ್ನಷ್ಟು ಹರಡಿತು. ಕೂಲಿ ತಪ್ಪಿಸಿಕೊಂಡು ಬರಬೇಕಾದವರಿಗೆ ಇದು ನಿಜವಾದ ಉಪಕಾರ, ಇದನ್ನು ಹಿಂದಕ್ಕೆ ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತನ್ನ ಸ್ಥಿತಿ ಗೊತ್ತಿದ್ದೂ ಮುಖ ತಿರುಗಿಸದೆ ಮಾತನಾಡುವವರು ಕೇಂದ್ರದ ಸಿಬ್ಬಂದಿ ಮಾತ್ರ ಎಂಬಂಥ ಹಿರಿಯರಿಗೆ ಭೇಟಿ ಕಡಿಮೆಯಾದಷ್ಟೂ ಮಾತೂ ಕಡಿಮೆಯಾಗುತ್ತದೆ. ಎಷ್ಟು ಚೆನ್ನಾಗಿ ಮಾತ್ರೆ ನುಂಗುತ್ತಾರೋ ಅಷ್ಟು ಕಡಿಮೆ ಜನ ಅವರನ್ನು ವಿಚಾರಿಸುತ್ತಾರೆ. ಇದು ಯಾರ ದುರುದ್ದೇಶವೂ ಅಲ್ಲ. ವೈರಸ್ಸಿನ ಅಳತೆಯೊಂದನ್ನೇ ಆರೋಗ್ಯದ ಅಳತೆ ಎಂದುಕೊಂಡದ್ದರ ಫಲ. ಪ್ರತಿ ಭೇಟಿಯಲ್ಲೂ ಸೋಂಕಿತರಿಗೆ ಕ್ಷಯದ ನಾಲ್ಕು ಪ್ರಶ್ನೆ ಕೇಳುವ ಪದ್ಧತಿ ಈಗಾಗಲೇ ಇದೆ: ಕೆಮ್ಮು ಇದೆಯೇ, ಜ್ವರ ಬರುತ್ತಿದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರಾ? ಈ ನಾಲ್ಕು ಪ್ರಶ್ನೆಗಳು ಎಷ್ಟೋ ಕ್ಷಯರೋಗಿಗಳನ್ನು ಬೇಗ ಹಿಡಿದುಕೊಟ್ಟಿವೆ. ಅದರ ಪಕ್ಕಕ್ಕೆ ಇನ್ನೆರಡು ಪ್ರಶ್ನೆ ಸೇರಲಿ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ದಿಕ್ಕು ತೋಚದಂತಾಗಿದೆಯೇ? ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪಿಎಚ್‌ಕ್ಯೂ ಎಂಬ ಪ್ರಶ್ನಾವಳಿಯ ಮೊದಲ ಎರಡು ಪ್ರಶ್ನೆಗಳು ಇವು. ಹೌದು ಎಂದವರಿಗೆ ಉಳಿದ ಏಳು. ಮಾರ್ಗಸೂಚಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಒಂದು ಅಧ್ಯಾಯ ಬರೆದಿಡುವುದಕ್ಕೂ ಪ್ರತಿ ಭೇಟಿಯಲ್ಲಿ ಬಾಯಿಬಿಟ್ಟು ಕೇಳುವುದಕ್ಕೂ ಬಹಳ ಅಂತರವಿದೆ.

ಕೇಳಿದ ಮೇಲೆ ಮಾಡುವುದೇನು ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ನೆರೆಯಲ್ಲೇ ಇದೆ. ಗೋವಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಖಿನ್ನತೆಯ ಅಂಚಿನಲ್ಲಿದ್ದ 181 ಹಿರಿಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನೊಂದಿಗೆ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಕೆಲಸ ಮಾಡಿದರು, ಅವರು ಮನೋವೈದ್ಯರಲ್ಲ. ಸಮಸ್ಯೆಯನ್ನು ಬಿಡಿಸಿ ಒಂದೊಂದಾಗಿ ನಿಭಾಯಿಸುವುದು, ನಿದ್ದೆಯ ಅಭ್ಯಾಸ ಸರಿಪಡಿಸುವುದು, ಸಕ್ಕರೆ ಕಾಯಿಲೆಯಂಥವನ್ನು ನೋಡಿಕೊಳ್ಳಲು ಕಲಿಸುವುದು, ಸರ್ಕಾರದ ಸವಲತ್ತು ಪಡೆಯಲು ನೆರವಾಗುವುದು, ಇವಿಷ್ಟೇ ಅವರ ಕೆಲಸ. ಒಂದು ವರ್ಷದಲ್ಲಿ ಆ ಗುಂಪಿನಲ್ಲಿ ಶೇಕಡಾ 4.4ರಷ್ಟು ಜನ ತೀವ್ರ ಖಿನ್ನತೆಗೆ ಜಾರಿದರೆ, ಇನ್ನೊಂದು ಗುಂಪಿನಲ್ಲಿ ಶೇಕಡಾ 14.4. ಪಿಂಚಣಿ ಅರ್ಜಿಗೆ ಕೈಜೋಡಿಸುವುದೂ ಇಲ್ಲಿ ಮನಸ್ಸಿನ ಚಿಕಿತ್ಸೆಯ ಭಾಗವಾಗಿದ್ದದ್ದನ್ನು ನಮ್ಮ ಅಧಿಕಾರಿಗಳು ವಿಶೇಷವಾಗಿ ಗಮನಿಸಬೇಕು. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಅಜ್ಜಿಯರನ್ನು ಕೂರಿಸಿ ಮಾತಿನ ಚಿಕಿತ್ಸೆ ಕೊಡಿಸಿದರು. 2016ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ 573 ಜನರಿದ್ದರು, ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಎಚ್‌ಐವಿ ಸೋಂಕಿತರು. ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ಶೇಕಡಾ 14ರಷ್ಟು ಜನರಿಗೆ ಖಿನ್ನತೆಯ ಲಕ್ಷಣ ಉಳಿದಿತ್ತು, ಬರದವರಲ್ಲಿ ಶೇಕಡಾ 50ರಷ್ಟು ಜನರಿಗೆ. ಉಗಾಂಡದಲ್ಲಿ ಸೋಂಕಿತರನ್ನೇ ಗುಂಪಾಗಿ ಕೂರಿಸಿ, ದುಃಖ ಹಂಚಿಕೊಳ್ಳುವುದರ ಜತೆಗೆ ಜೀವನೋಪಾಯದ ದಾರಿಯನ್ನೂ ಕಲಿಸಿದ ಪ್ರಯೋಗ 2020ರಲ್ಲಿ ದೊಡ್ಡ ಫಲ ತೋರಿಸಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಸಾಕ್ಷ್ಯದ ಮೇಲೆಯೇ. ಗೋವಾದವರು ಹಿರಿಯರು, ಆದರೆ ಸೋಂಕಿತರೆಂದು ಆರಿಸಿದವರಲ್ಲ. ಆಫ್ರಿಕಾದವರಲ್ಲಿ ಸೋಂಕಿತರಿದ್ದರು, ಆದರೆ ಹಿರಿಯರಲ್ಲ. ಎರಡೂ ಆಗಿರುವ ಕನ್ನಡದ ಮುದುಕಿಗೆ ಇದು ಹೇಗೆ ಅನ್ವಯಿಸುತ್ತದೆ? ಆಕ್ಷೇಪದಲ್ಲಿ ಹುರುಳಿದೆ, ನಮ್ಮ ನೆಲದಲ್ಲೇ ಪ್ರಯೋಗ ಆಗಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮೂರು ಬೇರೆ ಬೇರೆ ನಾಡುಗಳಲ್ಲಿ, ಬೇರೆ ಬೇರೆ ವಯಸ್ಸಿನವರಲ್ಲಿ, ಮನೋವೈದ್ಯರಲ್ಲದವರ ಕೈಯಲ್ಲಿ ಒಂದೇ ಬಗೆಯ ಫಲ ಬಂದಿರುವಾಗ, ನಮ್ಮಲ್ಲಿ ಮಾತ್ರ ಬರಲಾರದು ಎಂದು ಸಾಬೀತುಪಡಿಸುವ ಹೊಣೆ ಆಕ್ಷೇಪಿಸುವವರ ಮೇಲಿದೆ. ಕರ್ನಾಟಕಕ್ಕಂತೂ ಈ ದಾರಿ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ನೋಡಿಕೊಳ್ಳುವ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಗುತ್ತಿಗೆಯ ನೌಕರರು; ನೂರಾರು ಮಂದಿಯನ್ನು ನೋಡಬೇಕು, ರಿಜಿಸ್ಟರು ತುಂಬಬೇಕು. ಅವರ ಮೇಲೆ ಇನ್ನೊಂದು ಕೆಲಸ ಹೇರುವುದು ಅನ್ಯಾಯವಲ್ಲವೇ? ಹೇರಿದರೆ ಖಂಡಿತ ಅನ್ಯಾಯ. ಹಾಗಾಗಿ ಈ ಬೇಡಿಕೆಯ ಜತೆಯಲ್ಲೇ ಅವರ ನೌಕರಿಯ ಭದ್ರತೆ, ತರಬೇತಿ, ಮೇಲ್ವಿಚಾರಣೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ನಿಯಮಿತ ಭೇಟಿ, ಸಮಾಲೋಚಕರ ದಣಿವಿಗೂ ಒಂದು ಕಿವಿ, ಇವೆಲ್ಲ ಬರಬೇಕು. ಇನ್ನೊಂದು ಬಲವೂ ನಮ್ಮಲ್ಲಿದೆ. ಕರ್ನಾಟಕದ ಸೋಂಕಿತರ ಸಂಘಟನೆಗಳು, ಮೈಸೂರಿನ ಆಶೋದಯ ಸಮಿತಿಯಂಥ ಸಮುದಾಯ ಸಂಸ್ಥೆಗಳು ಹತ್ತಾರು ವರ್ಷಗಳಿಂದ ತಮ್ಮವರಿಗೆ ತಾವೇ ಆಸರೆಯಾಗಿ ನಿಂತಿವೆ. ಇಪ್ಪತ್ತು ವರ್ಷ ಮಾತ್ರೆ ನುಂಗಿ ಬದುಕಿದ ಹಿರಿಯರಿಗೆ ಗೌರವಧನ ಕೊಟ್ಟು, ತರಬೇತಿ ಕೊಟ್ಟು, ಮೂರು ತಿಂಗಳ ಭೇಟಿಗಳ ನಡುವೆ ಒಬ್ಬಂಟಿ ಹಿರಿಯರಿಗೆ ಫೋನು ಮಾಡುವ, ಒಪ್ಪಿದವರ ಮನೆಗೆ ಹೋಗುವ ಕೆಲಸ ವಹಿಸಬಹುದು. ಭೇಟಿ ಕಡಿಮೆಯಾದರೂ ಮಾತು ಕಡಿಮೆಯಾಗದಿರಲು ಇದು ಸರಿಯಾದ ದಾರಿ. ಅಂಥವರ ಸೇವೆಯನ್ನು ಬಿಟ್ಟಿ ಸೇವೆ ಎಂದು ಎಣಿಸಬಾರದು.

ದುಃಖವನ್ನೆಲ್ಲ ಕಾಯಿಲೆ ಮಾಡಬೇಡಿ, ಅದಕ್ಕೆ ಮನೆಮಂದಿ ಇದ್ದಾರೆ, ದೇವರಿದ್ದಾನೆ ಎನ್ನುವವರೂ ಇದ್ದಾರೆ. ಎಲ್ಲ ದುಃಖಕ್ಕೂ ಮಾತ್ರೆ ಬೇಡ ಎಂಬುದು ನಿಜ. ನಾನು ಹೇಳಿದ ಪ್ರಯೋಗಗಳಲ್ಲೂ ಮುಖ್ಯ ಔಷಧ ಮಾತೇ. ಭಜನೆ, ಜಾತ್ರೆ, ಸ್ವಸಹಾಯ ಸಂಘದ ಸಭೆ ಎಷ್ಟೋ ಜನರನ್ನು ಎತ್ತಿಹಿಡಿದಿವೆ, ಅವನ್ನು ಕಡೆಗಣಿಸುವವರು ನಮ್ಮ ಸಮಾಜವನ್ನು ಅರಿತವರಲ್ಲ. ಆದರೆ ಮನೆಯವರಿಂದಲೇ ಮುಚ್ಚಿಟ್ಟ ಸಂಕಟಕ್ಕೆ ಮನೆಯವರೇ ಮದ್ದಾಗುವುದು ಹೇಗೆ? ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದಂತೆ ಎಂಬ ಅಂಜಿಕೆಯೂ ವ್ಯಾಪಕವಾಗಿದೆ. ಸಂಶೋಧನೆ ಈ ಅಂಜಿಕೆಗೆ ಆಧಾರ ಕಂಡಿಲ್ಲ, ಕೇಳಿಸಿಕೊಂಡವರಿಗೆ ಎಷ್ಟೋ ಸಲ ಹಗುರವಾಗುತ್ತದೆ. ಇನ್ನು ಹಣವನ್ನು ಯುವಜನರ ಸೋಂಕು ತಡೆಗೇ ಬಳಸಬೇಕು ಎಂಬ ವಾದ. ಒಬ್ಬರಿಗೆ ಇಪ್ಪತ್ತು ವರ್ಷ ಔಷಧ ಕೊಟ್ಟು ಉಳಿಸಿದ ಸರ್ಕಾರ, ಕೊನೆಯ ಹತ್ತು ವರ್ಷ ಅವರು ಮನಸ್ಸು ಮುರಿದು ಮಾತ್ರೆ ಬಿಟ್ಟರೆ ಕಳೆದುಕೊಳ್ಳುವುದು ಆ ಇಪ್ಪತ್ತು ವರ್ಷಗಳ ಶ್ರಮವನ್ನೇ. ಮಾತ್ರೆ ಬಿಟ್ಟರೆ ವೈರಸ್ಸು ಮತ್ತೆ ಏಳುತ್ತದೆ, ಔಷಧಕ್ಕೆ ಬಗ್ಗದ ತಳಿಯೂ ಹುಟ್ಟಬಹುದು. ತಡೆಗಟ್ಟುವಿಕೆ ಮತ್ತು ಆರೈಕೆ ಇಲ್ಲಿ ಬೇರೆ ಬೇರೆ ಖಾತೆಗಳಲ್ಲ.

ಕಾನೂನು ನಮ್ಮ ಪರವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನೂ, ಆರೈಕೆಗೆ ಇಟ್ಟುಕೊಳ್ಳುವ ಸರ್ಕಾರಿ ಅಥವಾ ಖಾಸಗಿ ಸಂಸ್ಥೆ ಸೋಂಕಿನ ಕಾರಣಕ್ಕೆ ತಾರತಮ್ಯ ಮಾಡುವುದನ್ನೂ ಅದು ನಿಷೇಧಿಸುತ್ತದೆ. ವೃದ್ಧಾಶ್ರಮಗಳಿಗೂ ಇದು ಅನ್ವಯವೆಂದು ಅವುಗಳನ್ನು ನಡೆಸುವವರು ತಿಳಿಯಬೇಕು. 2017ರದೇ ಆದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದಿದೆ. ಎರಡೂ ಕಾಯ್ದೆಗಳ ಫಲ ಒಂದೇ ವ್ಯಕ್ತಿಗೆ ಒಂದೇ ಕೋಣೆಯಲ್ಲಿ ಸಿಗುವಂತಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಯುಎನ್‌ಏಡ್ಸ್ ಕೂಡ 2022ರಲ್ಲಿ ಎಚ್‌ಐವಿ ಸೇವೆಯೊಳಗೇ ಮಾನಸಿಕ ಆರೋಗ್ಯವನ್ನು ಸೇರಿಸಬೇಕೆಂದು ಹೇಳಿವೆ.

ಹಾಗಾಗಿ ರಾಜ್ಯದ ಆರೋಗ್ಯ ಇಲಾಖೆಗೆ ನನ್ನ ವಿನಂತಿ ಸಣ್ಣದು: ಕೇಂದ್ರದಲ್ಲಿ ಪ್ರತಿ ರೋಗಿಯ ಚಿಕಿತ್ಸೆಯ ದಾಖಲೆಯಾದ ಬಿಳಿ ಕಾರ್ಡಿನಲ್ಲಿ ಕ್ಷಯದ ನಾಲ್ಕು ಪ್ರಶ್ನೆಗಳ ಪಕ್ಕ ಮನಸ್ಸಿನ ಎರಡು ಪ್ರಶ್ನೆಗಳಿಗೆ ಜಾಗ ಮಾಡಿ, ಐವತ್ತು ದಾಟಿದ ಸೋಂಕಿತರನ್ನು ಅರವತ್ತೈದರವರೆಗೆ ಕಾಯಿಸದೆ ಪಿಂಚಣಿಯ ವ್ಯಾಪ್ತಿಗೆ ತನ್ನಿ, ಪ್ರತಿ ಕೇಂದ್ರಕ್ಕೆ ತಿಂಗಳಲ್ಲಿ ಒಂದು ದಿನವಾದರೂ ಜಿಲ್ಲೆಯ ಮನೋವೈದ್ಯರು ಬರಲಿ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಎಚ್‌ಐವಿಯೊಂದಿಗೆ ಮುಪ್ಪಾಗುತ್ತಿದ್ದು, ರಾತ್ರಿ ನಿದ್ದೆಯಿಲ್ಲದೆ, ಯಾತಕ್ಕೂ ಮನಸ್ಸಿಲ್ಲದೆ ಇದ್ದರೆ, ದಯವಿಟ್ಟು ಮುಂದಿನ ಭೇಟಿಯಲ್ಲಿ ಅದನ್ನು ನಿಮ್ಮ ಸಮಾಲೋಚಕರಿಗೆ ಹೇಳಿ. ಅಷ್ಟು ದಿನ ತಾಳಲಾಗದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ: ಸಂಖ್ಯೆ 14416, ಕರೆಗೆ ಹಣವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.